ಸೊಸೆಯ ಎದೆಗೆ ಹಂದಿಯ ಕವಾಟ

“ಹಲೋ... ಹಲೋ, ಯಾರ್ರಿ ಮಾತಾಡೋದು?... ಯಾರು? ಸ್ವಲ್ಪ ಜೋರಾಗಿ ಹೇಳ್ರಿ, ಒಲಿ ಮ್ಯಾಲ ಶೇಂಗಾ ಹುರ್ಯಾಕಿಟ್ಟೇನಿ, ಕೇಳಸವಲ್ದು...”

ಗುರುತಿಲ್ಲದ ನಂಬರಾದರೆ ಶೈಲಶ್ರೀ ಫೋನು ಎತ್ತುವವಳಲ್ಲ. ಆದರೆ ಮಗ, ಸೊಸೆ ಇಬ್ಬರೂ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿರುವಾಗ ಯಾವ ನಂಬರಿನಿಂದ ಯಾವ ಸುದ್ದಿ ಬಂದೀತೆಂದು ಹೇಳಲು ಬರುವುದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು, ಮತ್ತೆ ಸೌಟು ಹಿಡಿದಳು.

“ಬಾನುಬಿ?... ಯಾವ... ಹಾಂ, ಹಾಂ, ಸವಣೂರ ಬಾನುಬಿ. ನಮ್ಮ ಗುತ್ತೆವ್ವಕ್ಕಾರ ಬಾಜೂಮನಿ. ಆರಾಮ ಅದೀರೇನ್ರಿ?... ಫೋನ್ ಅವರ ಕೈಯಾಗ ಕೊಡತೀರಿ. ಕೊಡ್ರಿ, ಅದಕ್ಕೇನು. ಅವರ ನಂಬರ್ ಕಂಡ್ರ ನಾ ಎತ್ತಂಗಿಲ್ಲ ಅಂತ ನಿಮ್ಮದು ಇಸ್ಕೊಂಡಾರ. ಎಂಥಾ ತಲಿ ನೋಡ್ರಿ ಅವರದು, ಪೊಲೀಸ್ ಖಾತೇಕ ಹೋಗಬೇಕಾಗಿತ್ತು...”

ಗುತ್ತೆವ್ವ ಶೈಲಶ್ರೀಯ ಗಂಡನ ಅಕ್ಕ. ಮದುವೆಯಾಗಿ ಸವಣೂರಿಗೆ ಹೋಗಿ ತಲೆಗೂದಲು ನೆರೆತರೂ ತವರಿನ ಆಡಳಿತವನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಮಡಿ ಮೈಲಿಗೆ, ಮುಹೂರ್ತ, ಯಾರ ಮದುವೆಗೆ ಎಂಥ ಸೀರೆ, ಎಲ್ಲವೂ ಅಲ್ಲಿ ತೀರ್ಮಾನವಾಗಿ ಹಿರೇಕೆರೂರಿನಲ್ಲಿ ಜಾರಿಯಾಗುತ್ತಿದ್ದವು. ಸೊಸೆಯ ಆಪರೇಶನ್ನಿನ ಸುದ್ದಿ ಸವಣೂರಿಗೆ ಮುಟ್ಟಿದಾಗಿನಿಂದ ಅವಳ ಫೋನು ಒಂದೇ ಸಮನೆ ಬಡಿದುಕೊಂಡಿತ್ತು. ಶೈಲಶ್ರೀ ಬಡಿದುಕೊಳ್ಳಲು ಬಿಟ್ಟಿದ್ದಳು.

“ಶರಣ್ರಿ ಅಕ್ಕಾರ... ಇಲ್ಲ, ಸಿಟ್ಟಿಲ್ಲ... ಸಿಟ್ಟಿಲ್ಲ ಅಂದ್ನೆಲ್ಲ. ಫೋನ್ ಚಾರ್ಜಿಗಿಟ್ಟಿದ್ನಿ... ಹೌದು, ನಿನ್ನೆನೂ ಚಾರ್ಜಿಗೇ ಇತ್ತು, ಮೊನ್ನೆನೂ ಚಾರ್ಜಿಗೇ ಇತ್ತು. ಹಳೇ ಫೋನು, ನನ್ನಂಗ. ತುಂಬಾಕ ಹೊತ್ತು ಹಿಡಿತೈತಿ...”

“ಹಾಂ, ನಾಳೆ ಮುಂಜಾನೆನ ಆಪರೇಶನ್. ಸುದೀಪ ಅಲ್ಲೇ ಆಕಿ ಹತ್ರ ಅದಾನ. ನಾ ಬಟ್ಟಿಬರಿ ತಗೊಂಡು, ರೊಟ್ಟಿ ಚಟ್ನಿ ಕಟಗೊಂಡು ಸಂಜಿ ಬಸ್ಸಿಗೆ ಮತ್ತ ಹೊಂಟೇನಿ... ನಿಮ್ಮ ತಮ್ಮಾರು? ಅಂಗಡ್ಯಾಗ. ಗೋವಿನಜೋಳ ಬರೂ ದಿನ, ಸೊಸಿ ಎದಿ ಕೊಯ್ತಾರ ಅಂತ ಲಾರಿ ನಿಲ್ತಾವೇನ್ರಿ?”

ಅಷ್ಟು ಹೇಳಿ ಅವಳು ಶೇಂಗಾ ಕೈಯಾಡಿಸಿದಳು. ಈಗ ಬರುತ್ತದೆ, ಇನ್ನೊಂದು ಉಸಿರಿಗೆ ಬರುತ್ತದೆ ಎಂದು ಕಾದಳು. ಬಂತು.

“ಹೌದ್ರಿ. ನೀವು ಕೇಳಿದ್ದು ಖರೇನ. ಹಂದೀದು... ಹಂದಿ, ಹಂದಿ... ಬಾನುಬಿ ಬಾಜೂಕ ಕುಂತಾರ, ಹಂಗ ಅನಬ್ಯಾಡ ಅಂತೀರೇನು? ನಾ ಪಿಸುಗುಟ್ಟಿದ್ರ ಅದು ಹುಲ್ಲೆಮರಿ ಆಗತೈತೇನ್ರಿ?... ಊರಾಗ ತಿರಗೂ ಹಂದಿ ಅಲ್ಲ. ಪರದೇಶದ ಹಂದಿ. ಫರಸಿ ಕಲ್ಲಿನ ಮ್ಯಾಲ ಮಲಗಿದ್ದು, ದಿನಾ ಜಳಕಾ ಮಾಡಿದ್ದು. ನಮ್ಮ ಮನ್ಯಾಗ ದಿನಾ ಜಳಕಾ ಮಾಡೋರು ಎಷ್ಟು ಮಂದಿ ಅಂತ ನಿಮಗ ಗೊತ್ತೈತಿ.”

ಸೊಸೆ ತನುಜಾ ಸಣ್ಣವಳಿದ್ದಾಗ ಬಂದ ಕೀಲುನೋವಿನ ಜ್ವರ ಅವಳ ಹೃದಯದ ಒಂದು ಕವಾಟವನ್ನು ಒಳಗೊಳಗೇ ತಿಂದುಹಾಕಿತ್ತು. ಮದುವೆಯಾಗಿ ಬಂದ ಮೇಲೆ ಮಾಳಿಗೆ ಮೆಟ್ಟಿಲು ಹತ್ತಿದರೂ ಏದುಸಿರು. ಮೊದಮೊದಲು ಎಲ್ಲರೂ ಮುಖಮುಖ ನೋಡಿಕೊಂಡು ಬಸುರಿರಬೇಕೆಂದು ನಕ್ಕಿದ್ದರು. ಕವಾಟ ಬದಲಿಸಲೇಬೇಕೆಂದ ಡಾಕ್ಟರು ಎರಡು ದಾರಿ ಹೇಳಿದ್ದರು. ಲೋಹದ್ದು ಹಾಕಿಸಿದರೆ ಗಟ್ಟಿ, ಆದರೆ ರಕ್ತ ತೆಳುವಾಗಿಸುವ ಗುಳಿಗೆ ಸಾಯುವತನಕ ನುಂಗಬೇಕು, ಆ ಗುಳಿಗೆ ನುಂಗುತ್ತ ಬಸುರಾದರೆ ತಾಯಿಗೂ ಕೂಸಿಗೂ ಗಂಡಾಂತರ. ಪ್ರಾಣಿಯದು ಹಾಕಿಸಿದರೆ ಗುಳಿಗೆಯ ಆ ಕಾಟವಿಲ್ಲ, ಬಸುರಿಗೂ ಅಷ್ಟು ಭಯವಿಲ್ಲ, ಆದರೆ ಹತ್ತು ಹನ್ನೆರಡು ವರ್ಷಕ್ಕೆ ಸವೆದುಹೋಗುತ್ತದೆ, ಮತ್ತೆ ಎದೆ ತೆರೆಯಬೇಕು. ಯಾವುದೆಂದು ಇವತ್ತು ಸಂಜೆಯೊಳಗೆ ತಿಳಿಸಿ ಎಂದಿದ್ದರು. ಸುದೀಪ ತಾಯಿಯ ಮುಖ ನೋಡಿದ್ದ. ತಾಯಿ ಅಲ್ಲಿಯೇ ನಿಂತು ಹೇಳಿಬಿಟ್ಟಿದ್ದಳು. ಆದರೂ ಇನ್ನೊಮ್ಮೆ ಕೇಳಿಯೇ ಸಹಿ ಹಾಕಿಸಿಕೊಳ್ಳುತ್ತೇವೆ ಎಂದಿದ್ದರು ಡಾಕ್ಟರು.

“ಏನಂತ?... ಸ್ವಭಾವ ಬರತೈತೇನು ಅಂತೀರಿ. ಹಂದಿ ಸ್ವಭಾವ... ಅಲ್ರಿ, ನಿಮ್ಮ ಮನಿಯವರು ಬಾಯ್ತುಂಬ ಪ್ಲಾಸ್ಟಿಕ್ ಹಲ್ಲು ಹಾಕಿಸ್ಕೊಂಡಾರ. ಬಕೀಟು ಆದ್ರೇನ್ರಿ ಅವರು?”

“ಬಂದ್ರೂ ಬರಲಿ ಬಿಡ್ರಿ, ಒಂಚೂರು. ಹಂದಿ ಅಡ್ಡ ಬಂದವರನ್ನ ಗುದ್ದತೈತಿ. ನಮ್ಮ ತನುಜಾ ಅಡ್ಡ ಬಂದವರಿಗೆಲ್ಲ ಚಾ ಕೊಡತಾಳ. ಒಂದ ಸರ್ತಿ ಗುದ್ದಲಿ. ಯಾರನ್ನ ಅಂತ ನಾ ಹೇಳಂಗಿಲ್ಲ...”

“ಲಿಂಗ?... ಹಾಂ, ಆ ಮಾತಿಗೆ ಬರ್ತೀರಿ ಅಂತ ಗೊತ್ತಿತ್ತು. ಲಿಂಗ ಎದಿ ಮ್ಯಾಲ ಇರತೈತಿ, ಹಂದೀದು ಎದಿ ಒಳಗ ಇರತೈತಿ. ನಡುವ ಎಲುಬು ಐತಿ, ಖಂಡ ಐತಿ, ಚರ್ಮ ಐತಿ, ಅದರ ಮ್ಯಾಲ ಕುಪ್ಪಸ ಐತಿ. ಇಷ್ಟು ಅಡ್ಡಗೋಡಿ ಸಾಲಂಗಿಲ್ಲೇನ್ರಿ?... ಸಾಲಂಗಿಲ್ಲ... ಹಂಗಾದ್ರ ಎಲ್ಲಿ ಕಟಗೋಬೇಕು?... ರಟ್ಟಿಗೆ. ಎಡಗೈ ರಟ್ಟಿಗೆ. ಅಂದ್ರ ನೀವು ಬರೇ ಚಿಂತಿ ಮಾಡಿಲ್ಲ, ಜಾಗಾನೂ ನೋಡಿ ಇಟ್ಟೀರಿ.”

ಶೇಂಗಾ ಸಿಡಿಯತೊಡಗಿದ್ದವು. ಉರಿ ಸಣ್ಣಗೆ ಮಾಡಿದಳು. ಮಾತಿನ ಉರಿ ಸಣ್ಣಗೆ ಮಾಡುವ ಮನಸ್ಸಿರಲಿಲ್ಲ. ಎಷ್ಟೋ ವರ್ಷ ‘ಹೂಂ ಅಕ್ಕಾರ, ಆತು ಅಕ್ಕಾರ’ ಎಂದು ನುಂಗಿದ್ದ ಬಾಯಿ ಅದು. ವಯಸ್ಸು ನಲವತ್ತೈದು ದಾಟಿದ ಮೇಲೆ ಅವಳಿಗೊಂದು ಹೊಸ ಸುಖ ಸಿಕ್ಕಿತ್ತು: ನಗುನಗುತ್ತಲೇ ಚುಚ್ಚುವುದು. ಎದುರಿಗಿದ್ದವರು ಅಳಲೂ ಆಗದೆ, ನಗಲೂ ಆಗದೆ ಬಾಯಿ ತೆರೆದು ನಿಂತಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

“ಮಠದ ಅಜ್ಜಾರನ್ನ ಕೇಳಿದ್ರಿ?... ಯಾವಾಗ?... ಚೊಲೊ ಆತು ಬಿಡ್ರಿ. ಏನಪ್ಪಣಿ ಆತು?... ‘ಡಾಕ್ಟ್ರು ಹೇಳಿದಂಗ ಮಾಡ್ರಿ’ ಅಂದ್ರು... ಮತ್ತ? ಮುಗೀತಲ್ಲ?... ಹಾಂ, ಅವರು ಇನ್ನೂ ಸಣ್ಣ ವಯಸ್ಸಿನವರು. ಅವರಿಗೆ ತಿಳಿಯಂಗಿಲ್ಲ. ಹೋದ ತಿಂಗಳತನಾ ನಡದಾಡೋ ದೇವರು ಅಂತಿದ್ರಿ, ನಿಮಗ ಬೇಕಾದ ಮಾತು ಅನ್ನಲಿಲ್ಲ ಅಂತ ಈ ತಿಂಗಳಿಗೆ ಸಣ್ಣ ಹುಡುಗ ಆದ್ರು. ಇನ್ನೊಂದು ಮಠಕ್ಕ ಹೋಗ್ರಿ. ನಮ್ಮ ಮಂದಿಗೆ ಮಠಕ್ಕೇನು ಬರಗಾಲ, ಹಂದಿ ಬ್ಯಾಡ ಅನ್ನೋರು ಸಿಗೋತನಾ ತಿರಗಬಹುದು...”

“ದನದ್ದೂ ಬರತೈತಂತ್ರಿ. ಅದನ್ನ ಯಾರೂ ಹೇಳಿಲ್ಲೇನು ನಿಮಗ?... ಹೂಂ, ದನದ್ದು. ಅದರ ಎದಿ ಸುತ್ತ ತೆಳ್ಳಗ ಪೊರಿ ಇರತೈತಂತ, ಅದನ್ನ ಕತ್ತರಿಸಿ ಹೊಲೀತಾರ. ಎತ್ತಿಗೆ ನಾವು ಬಸವಣ್ಣ ಅಂತೀವಿ. ಬಸವಣ್ಣನ ಎದಿ ಪೊರಿ ಹಾಕಸೂಣೇನ್ರಿ? ಆಮ್ಯಾಲ ಲಿಂಗ ಎಲ್ಲಿ ಕಟ್ಟಿದ್ರೂ ನಡೀತೈತಿ... ಶಿವಾ ಶಿವಾ ಅಂದ್ರ ಆತೇನ್ರಿ?”

“ಏನು?... ಬಾನುಬಿ ಏನೋ ಅನ್ನಾಕತ್ತಾರ. ಏನ್ರಿ ಬಾನುಬಿ?... ಜೀವ ಉಳಸಾಕ ಬ್ಯಾರೆ ದಾರಿ ಇಲ್ಲಂದ್ರ ಅವರಲ್ಲೂ ಹಂದೀದು ನಡೀತೈತಂತ?... ಅವರ ಮೌಲ್ವಿ ಅಂದಾರ... ಕೇಳಿದ್ರೇನಕ್ಕಾರ? ಅವರು ಬಾಜೂಮನ್ಯಾಗ ಅದಾರ, ನೀವು ಯಾವ ಕಾಲದಾಗ ಅದೀರೋ ಏನೋ.”

ಆ ಕಡೆ ಇಬ್ಬರು ಹೆಂಗಸರು ತಮ್ಮತಮ್ಮೊಳಗೆ ಏನೋ ವಾದಿಸುವುದು ಕೇಳಿಸಿತು. ಶೈಲಶ್ರೀ ಶೇಂಗಾವನ್ನು ಮೊರಕ್ಕೆ ಸುರಿದಳು. ಗೆಲ್ಲುತ್ತಿದ್ದೇನೆ ಎನ್ನಿಸಿ ಅವಳ ಕೈಗಳು ಹಗುರಾಗಿದ್ದವು.

“ಅಕ್ಕಾರ, ನಿಮ್ಮ ಮನಿಯವರಿಗೆ ಎದಿನೋವು ಬಂದು ಮಲಗಿಸಿದಾಗ ಹೊಟ್ಟಿ ಮ್ಯಾಲ ಇಂಜೆಕ್ಷನ್ ಚುಚ್ಚತಿದ್ರಲ್ಲ, ರಕ್ತ ಹೆಪ್ಪುಗಟ್ಟಬಾರದು ಅಂತ... ಹಾಂ, ಅದ. ಅದನ್ನ ಹಂದಿ ಕರಳಿಂದ ತಗೀತಾರಂತ... ನಾ ಹುಟ್ಟಿಸಿ ಹೇಳಾಕತ್ತಿಲ್ಲ, ಡಾಕ್ಟ್ರ ಹೇಳಿದ್ರು... ಈಗ ಅವರಿಗೆ ಹೇಳಬ್ಯಾಡ್ರಿ ಮತ್ತ. ಪೂಜಿ ಬಿಟ್ಟು ಎದ್ದಾರು. ಜೀವ ಉಳದೈತಿ, ಉಳೀಲಿ.”

“ಅಮೇರಿಕಾದಾಗ ಹಂದೀದು ಇಡೀ ಕಿಡ್ನಿ ತಗದು ಮನಿಷಾಗ ಹಾಕಿ ನೋಡಾಕತ್ತಾರ. ಹೃದಯಾನೂ ಹಾಕಿ ನೋಡ್ಯಾರ. ನಮ್ಮದೇನು, ಒಂದು ಸಣ್ಣ ಬಾಗಲಾ. ಅದಕ್ಕ ಸವಣೂರಿಂದ ಹಿರೇಕೆರೂರತನಾ ಪಂಚಾಯ್ತಿ...”

“ಲೋಹದ್ದು. ಹಾಂ, ನೀವು ಅದಕ್ಕ ಬರ್ತೀರಿ ಅಂತನೂ ಗೊತ್ತಿತ್ತು. ಸ್ವಚ್ಛ, ಹೊಲಸಿಲ್ಲ, ಮೈಲಿಗಿ ಇಲ್ಲ. ಬೂದಿ ಹಚ್ಚಿ ತಿಕ್ಕಬಹುದು... ಆದ್ರ ಮೊಮ್ಮಗ? ನೀವು ದೀಪಾವಳಿಗೆ ಬಂದ್ರೂ ಆಕಿ ಹೊಟ್ಟಿ ನೋಡತೀರಿ, ಯುಗಾದಿಗೆ ಬಂದ್ರೂ ಹೊಟ್ಟಿ ನೋಡತೀರಿ. ಆ ಹುಡುಗಿ ಮುಖ ಹೆಂಗೈತಿ ಅಂತ ನಿಮಗ ನೆಪ್ಪ ಇರಲಿಕ್ಕಿಲ್ಲ. ಲೋಹದ್ದು ಹಾಕಿಸಿದ್ರ ಆಕಿ ಹೊಟ್ಟಿ ಹಂಗ ಇರತೈತಿ. ನಿಮಗ ಮೊಮ್ಮಗ ಬೇಕು, ಹಂದಿ ಬ್ಯಾಡ. ಎರಡರಾಗ ಒಂದು ಆರಿಸ್ಕೊರಿ. ನಾ ಆರಿಸೇನಿ. ನಾ ಹಂದಿ ಕಡೆ ಅದೇನಿ.”

ಈ ಮಾತಿಗೆ ಉತ್ತರವಿಲ್ಲವೆಂದು ಅವಳಿಗೆ ಗೊತ್ತಿತ್ತು. ಗಂಡನ ಬಾಯಿ ಮುಚ್ಚಿಸಿದ್ದು, ಬೀಗರ ಬಾಯಿ ಮುಚ್ಚಿಸಿದ್ದು ಇದೇ ಮಾತು. ಆದರೆ ಆ ಕಡೆ ಗುತ್ತೆವ್ವ ಮಾತಾಡಿದಳು. ಜೋರಿಲ್ಲ, ಅವಸರವಿಲ್ಲ. ಶೇಂಗಾದ ಸಿಪ್ಪೆ ಬಿಡಿಸುತ್ತಿದ್ದ ಶೈಲಶ್ರೀಯ ಬೆರಳು ನಿಂತವು.

“ಏನಂದ್ರಿ?... ಇನ್ನೊಮ್ಮೆ ಹೇಳ್ರಿ... ತನುಜಾ?... ನಮ್ಮ ತನುಜಾ ನಿಮಗ ಫೋನ್ ಮಾಡಿದ್ಲು?”

“ಯಾವಾಗ?... ಸುದೀಪ ಚಾ ಕುಡ್ಯಾಕ ಕೆಳಗ ಹೋದಾಗ... ಮೊನ್ನೆ? ಮೊನ್ನೆನ ಮಾಡಿದ್ಲು? ಅದಕ್ಕ ನೀವು ನನಗ ಅಷ್ಟು ಸರ್ತಿ... ಹೌದ್ರಿ, ನಾನ ಎತ್ತಲಿಲ್ಲ. ಗೊತ್ತೈತಿ, ಅದನ್ನ ಎತ್ತಿ ಆಡಬ್ಯಾಡ್ರಿ...”

“ನೀವ ಏನರ ತಲ್ಯಾಗ ತುಂಬಿರಬೇಕು ಆಕಿಗೆ... ಆಣಿ ಯಾಕ ಮಾಡತೀರಿ, ನಂಬತೇನಿ... ಆತು, ಲಿಂಗ ಮುಟ್ಟಿ ಹೇಳಬ್ಯಾಡ್ರಿ, ನಂಬಿದ್ನಿ.”

ಒಲೆ ಆರಿಸಿ ಅವಳು ಅಲ್ಲೇ ಕಟ್ಟೆಗೆ ಒರಗಿ ನಿಂತಳು. ಈ ಕಡೆಯ ಮನೆಗಳಲ್ಲಿ ಹೊಸ ಸೊಸೆ ಅತ್ತೆಯ ಮುಂದೆ ಆಡಲಾರದ ಮಾತನ್ನು ಗಂಡನ ಸೋದರತ್ತೆಯ ಕಿವಿಗೆ ಹಾಕುವುದುಂಟು. ತಾನೂ ಹಾಗೆಯೇ ಮಾಡಿದ್ದಳು, ಕೂಸು ಹೊಟ್ಟೆಯಲ್ಲಿದ್ದಾಗ ತವರಿಗೆ ಕಳಿಸಲಿಲ್ಲವೆಂದು. ಅತ್ತೆ ಎಂದರೆ ಹೆದರಿಕೆ, ಅದಕ್ಕೆ ಹಾಗೆ ಮಾಡುತ್ತಿದ್ದರು. ಆದರೆ ತನ್ನ ಮನೆಯಲ್ಲಿ ಹೆದರಿಕೆ ಇಲ್ಲವೆಂದು, ತಾನೂ ಸೊಸೆಯೂ ಗೆಳತಿಯರ ಹಾಗೆಂದು ಅವಳು ಓಣಿಯ ತುಂಬ ಹೇಳಿಕೊಂಡಿದ್ದಳು.

“ಹಂದಿ ಬ್ಯಾಡ ಅಂದ್ಲು. ಹಾಂ... ಮೈಲಿಗಿ ಅಂತ?... ಅಲ್ಲ?... ಮೈಲಿಗಿ ಅಲ್ಲಂದ್ರ ಮತ್ತೇನ್ರಿ?”

“ಹಿರೇಬೆಂಡಿಗೇರಿ... ಆಕಿ ತವರಿನ ಹೊಲದಾಗ. ಹಾಂ, ನೋಡೇನಿ ಆ ಹೊಲ... ಆಕಿ ಸಾಲಿಗೆ ಹೋಗುವಾಗಿನ ಮಾತು... ಆಕಿ ಅಪ್ಪ ಗೋವಿನಜೋಳಕ್ಕ ಕರೆಂಟಿನ ತಂತಿ ಬಿಗಿದಿದ್ದ. ಕಾಡಹಂದಿ ಬರತಾವಂತ. ಬಿಗೀತಾರ ಬಿಡ್ರಿ, ತಪ್ಪು ಅಂತ ಗೊತ್ತಿದ್ದೂ ಬಿಗೀತಾರ... ಹಾಂ... ಒಂದು ಹೆಣ್ಣಹಂದಿ... ಮರಿ ಇದ್ವಾ ಅದಕ್ಕ?”

ಗುತ್ತೆವ್ವ ಹೇಳುತ್ತಲೇ ಹೋದಳು. ಹೇಳುವುದು ಗುತ್ತೆವ್ವನ ದನಿಯಾದರೂ ಮಾತುಗಳು ತನುಜಾಳವು, ಒಂದೊಂದೂ ತೂಗಿ ತೂಗಿ ಇಟ್ಟಂಥವು. ಶೈಲಶ್ರೀ ನಡುನಡುವೆ ಹಾಂ, ಹಾಂ ಎನ್ನುತ್ತಿದ್ದಳು.

“ಸತ್ತದ್ದರ ಮೊಲಿಗೆ ಬಾಯಿ ಹಾಕ್ತಿದ್ವು... ಹಾಂ... ಈಕಿ ಬದುವಿನ ಮ್ಯಾಲ ನಿಂತು ನೋಡಿದ್ಲು... ಕರಕೊಂಡು ಹೋಗಾಕ ಯಾರೂ ಇರಲಿಲ್ಲೇನು ಆಕಿನ್ನ?... ಆಕಿ ಅಪ್ಪ ಅದನ್ನ ಮುಟ್ಟಲಿಲ್ಲ. ಹೆಂಗ ಮುಟ್ಟತಾರ್ರಿ, ಲಿಂಗವಂತರು. ಮಂದಿ ಕರೆಸಿ ಎಳಸಿ, ಮನಿಗೆ ಬಂದು ಜಳಕಾ ಮಾಡಿ, ಪೂಜಿ ಮಾಡಿ, ಊಟಕ್ಕ... ಹಾಂ. ಹಂಗ ಆಗಿತ್ತು ಅಂದ್ಲಾ? ನಾ ಸುಮ್ನ ಅಂದ್ನಿ.”

ಪ್ರತಿ ವರ್ಷ ಗೋವಿನಜೋಳದ ಹಸಿ ತೆನೆ ಬಂದಾಗ ಹಿತ್ತಿಲಲ್ಲಿ ಕೆಂಡ ಮಾಡಿ ಮನೆಮಂದಿಯೆಲ್ಲ ಕೂಡುವುದು ವಾಡಿಕೆ. ತನುಜಾ ಎಲ್ಲರಿಗೂ ಸುಟ್ಟು, ಉಪ್ಪು ಖಾರ ಸವರಿ ಕೊಡುತ್ತಿದ್ದಳು. ತಾನು ಒಂದು ಕಾಳು ಬಾಯಿಗೆ ಹಾಕುತ್ತಿರಲಿಲ್ಲ. “ನಮ್ಮ ಸೊಸಿ ಹಲ್ಲು ಭಾಳ ನಾಜೂಕು, ಬೀಗರು ಬೆಣ್ಣಿ ತಿನಿಸಿ ಬೆಳಸ್ಯಾರ” ಎಂದು ಶೈಲಶ್ರೀ ನಗಿಸಿದ್ದಳು. ತನುಜಾಳೂ ನಕ್ಕಿದ್ದಳು. ಅವಳು ಯಾವುದಕ್ಕೆ ನಗಲಿಲ್ಲ?

ಆಸ್ಪತ್ರೆಯಲ್ಲಿಯೂ ನಕ್ಕಿದ್ದಳು. ಡಾಕ್ಟರು ಹೊರಟ ಮೇಲೆ, “ಅತ್ತಿ, ಆ ಹಂದಿ...” ಎಂದು ಏನೋ ಹೇಳಲು ಬಂದವಳ ಮಾತನ್ನು ತಡೆದು, “ಯಾಕ, ಅದರ ಜಾತಕ ತರಸಬೇಕೇನು? ನಿಂದೂ ಅದರದೂ ಕೂಡಿ ಬರತೈತೋ ಇಲ್ಲೋ ನೋಡಸೂಣು” ಎಂದಿದ್ದಳು ಶೈಲಶ್ರೀ. ಪಕ್ಕದ ಮಂಚದವರೂ ನಕ್ಕಿದ್ದರು. ಅದು ಎಷ್ಟು ಚೆನ್ನಾಗಿತ್ತೆಂದರೆ ಬಸ್ಸಿನಲ್ಲಿ ಬರುವಾಗ ಗುರುತಿನವರೊಬ್ಬರಿಗೆ ಇನ್ನೊಮ್ಮೆ ಹೇಳಿದ್ದಳು.

“ಆದ್ರ ಅಕ್ಕಾರ, ಇದು ಸತ್ತ ಹಂದಿ. ಎಂದೋ ಸತ್ತದ್ದು. ಡಬ್ಬ್ಯಾಗ, ಔಷಧದ ನೀರಾಗ ಬಂದಿರತೈತಿ. ಈಕಿ ಬ್ಯಾಡ ಅಂದ್ರ ಅದೇನು ಎದ್ದು ಓಡಿ ಹೋಗತೈತೇನು?... ನೀವೂ ಹಂಗ ಕೇಳಿದ್ರಿ?... ಮತ್ತೇನಂದ್ಲು?”

“...‘ಅದು ಬೇಕಾದವರಿಗೆ ಆಗಲಿ, ಹಾಕಿಸ್ಕೊಂಡವರನ್ನ ನಾ ಕೆಟ್ಟವರು ಅನ್ನಂಗಿಲ್ಲ.’ ಹಾಂ... ‘ನಂದು ಹತ್ತು ವರ್ಷಕ್ಕ ಸವೀತೈತಿ, ಆವಾಗ ಇನ್ನೊಂದು ಬೇಕು. ಅದು ಸವದ ಮ್ಯಾಲ ಇನ್ನೊಂದು. ಅವು ಇನ್ನೂ ಹುಟ್ಟಿಲ್ಲ.’... ಹಂಗಂದ್ಲು. ಅವು ಇನ್ನೂ ಹುಟ್ಟಿಲ್ಲ ಅಂದ್ಲು.”

ಶೈಲಶ್ರೀಗೆ ಸಿಟ್ಟು ಬಂತು. ಎಲ್ಲಿತ್ತೋ, ಒಮ್ಮೆಲೇ ಬಂತು.

“ಇದೆಂಥಾ ಮಾತ್ರಿ? ಇನ್ನೂ ಹುಟ್ಟದಿರೋ ಹಂದಿ ಸಲುವಾಗಿ ಇನ್ನೂ ಹುಟ್ಟದಿರೋ ಕೂಸು ಬ್ಯಾಡಾತು ಆಕಿಗೆ?... ಬ್ಯಾಡ ಅಂದಿಲ್ಲ?... ಬೇಕು ಅಂದ್ಲು... ಬೇಕು, ಆದ್ರ ಹಿಂಗ ಬ್ಯಾಡ ಅಂದ್ಲು... ಇಪ್ಪತ್ತನಾಲ್ಕು ವರ್ಷದ ಹುಡುಗಿಗೆ ಏನು ತಿಳೀತೈತಿ? ಗುಳಿಗಿ ಬಿಡಾಕ ಬರಂಗಿಲ್ಲ, ಮ್ಯಾಲಿಂದ ಮ್ಯಾಲ ರಕ್ತ ತೋರಸಬೇಕು, ಬಸರಾದ್ರ ಜೀವಕ್ಕ ಕುತ್ತು. ಇದೆಲ್ಲಾ ಗೊತ್ತೈತೇನು ಆಕಿಗೆ?... ಗೊತ್ತೈತಿ... ನಿಮಗ ಆಕಿನ ತಿಳಿಸಿ ಹೇಳಿದ್ಲು.”

“ಕೂಸನ್ನ ತಂದು ಸಾಕೂಣು ಅಂದ್ಲು?... ಅದಕ್ಕ ನೀವು? ಯಾವ ಮಂದೀದು ಅಂತ ಕೇಳಲಿಲ್ಲೇನು?... ಕೇಳಿದ್ರಿ. ಕೇಳೇ ಇರ್ತೀರಿ ಅಂತ ನನಗ ಗೊತ್ತು... ಏನಂದ್ಲು ಅದಕ್ಕ?... ನಕ್ಕಳು. ಹಾಂ. ನಗತಾಳ ಆಕಿ.”

“ಒಂದ ಮಾತು ಖರೆ ಹೇಳ್ರಿ ಅಕ್ಕಾರ. ನಿಮಗ ಇದು ಅನುಕೂಲ ಆತಲ್ಲ? ಹಂದಿ ಬ್ಯಾಡ ಅಂತ ನೀವಂದ್ರ ಹಳೇ ಮಂದಿ ಅನಸ್ಕೋತೀರಿ, ಆಕಿ ಅಂದ್ರ ಕರುಣಾ ಆಗತೈತಿ. ಲಿಂಗ ಎದಿ ಮ್ಯಾಲೇ ಉಳೀತು, ಮನ್ಯಾಗ ಮೈಲಿಗಿ ಬರಲಿಲ್ಲ... ಹೌದಾ? ಹೌದು ಅಂತೀರಿ... ‘ನನಗ ಅನುಕೂಲ ಆತು ಅಂತ ಆಕಿ ಮಾತು ಸುಳ್ಳ ಆಗತೈತೇನು’... ಇಷ್ಟು ಮಾತಾಡೋದು ಯಾವಾಗ ಕಲ್ತ್ರಿ ನೀವು?”

ಚುಚ್ಚು ಹೋಗಿ ಎಲ್ಲಿಯೂ ನಾಟಲಿಲ್ಲ. ಗುತ್ತೆವ್ವನ ಬಳಿ ಈ ಸಲ ಮುಚ್ಚಿಟ್ಟುಕೊಳ್ಳುವುದೇನೂ ಇರಲಿಲ್ಲ, ಚುಚ್ಚಿದರೆ ಸೋರುವಂಥದ್ದು. ಇದ್ದದ್ದು ಈ ಕಡೆ. ಮೊಮ್ಮಗು ಬೇಕೆಂದು ಹಬ್ಬಕ್ಕೊಮ್ಮೆ ಬಂದು ಬಾಯಿಬಿಟ್ಟು ಕೇಳುವವಳು ಗುತ್ತೆವ್ವ. ಸದ್ದಿಲ್ಲದೆ ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಮಡಿಸಿ, ಕೂಸಿನ ದುಪ್ಪಟಿಗೆಂದು ಟ್ರಂಕಿನ ತಳದಲ್ಲಿ ಇಟ್ಟುಕೊಂಡು ಬರುತ್ತಿದ್ದವಳು ಶೈಲಶ್ರೀ. ಮೈಲಿಗೆಯನ್ನು ಗೇಲಿ ಮಾಡುವಾಗ ತಾನು ಸೊಸೆಯ ಪರ ಮಾತಾಡುತ್ತಿದ್ದೇನೆಂದೇ ಅವಳು ತಿಳಿದಿದ್ದಳು. ಆ ಎದೆಯ ಮೇಲೆ ಲಿಂಗ ಎಲ್ಲಿರಬೇಕೆಂದು ಒಬ್ಬಳು ನೋಡಿದ್ದಳು. ಆ ಎದೆಯ ಕೆಳಗಿನ ಹೊಟ್ಟೆಯಲ್ಲಿ ಏನಿರಬೇಕೆಂದು ಇನ್ನೊಬ್ಬಳು. ತನುಜಾಳ ಮುಖ ಹೇಗಿದೆಯೆಂದು ಈಗಷ್ಟೇ ಅಕ್ಕನನ್ನು ಕೇಳಿದ್ದಳಲ್ಲ; ಆ ದಿನ ಡಾಕ್ಟರ ಮುಂದೆ ತಾನು ‘ಹಂದೀದ ಹಾಕ್ರಿ’ ಎಂದಾಗ ಅದು ಹೇಗಿತ್ತೆಂದು ನೆನೆಸಿಕೊಳ್ಳಲು ನೋಡಿದಳು. ಡಾಕ್ಟರ ಮುಖ ನೆನಪಾಯಿತು, ಸುದೀಪನ ಮುಖ ನೆನಪಾಯಿತು.

“ಇಲ್ಲೇ ಅದೇನಿ, ಅದೇನಿ... ಇಲ್ಲ, ಅಳಾಕತ್ತಿಲ್ಲ. ಶೇಂಗಾ ಸಿಪ್ಪಿ ಕಣ್ಣಾಗ ಹೋತು... ಹೌದು, ಅದಕ್ಕೂ ಒಂದು ನೆವ.”

“ನನಗ ತಿಳಿಯವಲ್ದು ಅಕ್ಕಾರ. ಆಕಿ ಅನ್ನೋದು ಸರಿ ಅಂತ ನನಗ ಇನ್ನೂ ಅನಸವಲ್ದು. ನನಗ ಒಂದು ಕಡೆ ಆಕಿ ಜೀವ, ಇನ್ನೊಂದು ಕಡೆ ಹಂದಿ ಅಂದ್ರ, ಹತ್ತು ಹಂದಿ ಹೋಗಲಿ ಅಂತೇನಿ. ಈಗೂ ಅಂತೇನಿ... ಹಾಂ?... ಖರೆ. ಆಕಿ ಜೀವ ಎರಡೂ ದಾರ್ಯಾಗ ಉಳೀತೈತಿ. ನಾ ಕೇಳಾಕತ್ತಿದ್ದು ಆಕಿ ಜೀವ ಅಲ್ಲ... ನೀವು ಅಂದ್ರೂ ಅದನ್ನ ಇಷ್ಟು ಬಿಡಿಸಿ ಅನಬಾರದಾಗಿತ್ತು.”

ಕಿವಿಯ ಬಳಿ ಫೋನು ಟುಂಯ್ ಟುಂಯ್ ಎಂದಿತು. ತೆಗೆದು ನೋಡಿದಳು. ಸುದೀಪನ ಹೆಸರು ಬೆಳಗುತ್ತಿತ್ತು.

“ತಡೀರಿ, ಸುದೀಪ ಮಾಡಾಕತ್ತಾನ... ಡಾಕ್ಟ್ರು ಬಂದಿರಬೇಕು. ಏನಂತ ಹೇಳಬೇಕು ಅಂತ ಕೇಳಾಕ... ಇಲ್ಲ, ಇಡಬ್ಯಾಡ್ರಿ, ಒಂದ ನಿಮಿಷ.”

“ಏನ್ ಹೇಳತೀ ಅಂತ ಕೇಳತೀರೇನು? ಹಂದಿ ಅಂದ್ರ ಹಂದಿ. ಆಂವ ಅವ್ವನ ಮಾತಿಗೆ ಎದುರಾಡಂಗಿಲ್ಲ. ಆಕೀನೂ ಆಡಂಗಿಲ್ಲ. ಆತು ಅತ್ತಿ ಅಂತಾಳ, ನಗತಾಳ, ಮುಂಜಾನೆ ಒಳಗ ಹೋಗತಾಳ. ನೋಡ್ರಿ, ಅಷ್ಟು ಸಲೀಸ ಐತಿ. ನಾ ಹೂಂ ಅನ್ನೋದಷ್ಟ...”

ಟುಂಯ್ ಎನ್ನುವುದು ನಿಂತಿತು. ಮತ್ತೆ ಶುರುವಾಯಿತು.

“ಅದಕ್ಕ... ಅದಕ್ಕ ನಾ ಏನೂ ಹೇಳಂಗಿಲ್ಲ. ಡಾಕ್ಟ್ರಿಗೆ ಒಂದೀಟು ಕುಂದ್ರಾಕ ಹೇಳಪಾ, ಫೋನ್ ಆಕಿ ಕೈಯಾಗ ಕೊಡು ಅಂತೇನಿ... ಹೂಂ, ಆಕಿ ಹೇಳಲಿ. ನಾ ಕೇಳತೇನಿ... ಇಲ್ರಿ, ನಗಿಚಾಷ್ಟಿ ಮಾಡಂಗಿಲ್ಲ... ಮಾಡಂಗಿಲ್ಲ ಅಂದ್ನೆಲ್ಲ. ನಿಮಗ ನನ್ನ ಮ್ಯಾಲ ಇಷ್ಟು ನಂಬಿಗಿ ಐತಿ ಅಂತ ತಿಳಿದು ಸಂತೋಷ ಆತು.”

“ಅಕ್ಕಾರ, ಇಡೂಕಿಂತ ಮೊದಲ ಒಂದ ಹೇಳ್ರಿ. ಆಕಿ ನಿಮಗ ಎಲ್ಲಾ ಹೇಳಿದ ಮ್ಯಾಲ... ಇದನ್ನ ನಮ್ಮ ಅತ್ತಿಗೆ ಹೇಳ್ರಿ ಅಂದಿದ್ಲೇನು, ಹೇಳಬ್ಯಾಡ್ರಿ ಅಂದಿದ್ಲೇನು?... ಹಲೋ?... ಕೇಳಸವಲ್ದು, ಬಾನುಬಿ ಫೋನ್ ಹಿಂಗ್ಯಾಕ ಮಾಡಾಕತ್ತೈತಿ... ಅಕ್ಕಾರ, ಹೇಳ್ರಿ ಅಂದಿದ್ಲೇನು?... ಹಲೋ... ಹೇಳಬ್ಯಾಡ್ರಿ ಅಂದಿದ್ಲೇನು...”